ಕೊಪ್ಪಕ್ಕೆ ಗೇರ್ ಸೈಕಲ್ಲು ಬಂದ ಮೇಲೆ

ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು 2006–07ರಲ್ಲಿ. ಬಿಡಿಭಾಗಗಳು ಲಾರಿಯಲ್ಲಿ ಬಂದು, ಶಾಲೆಯ ಅಂಗಳದಲ್ಲೇ ಜೋಡಣೆಯಾಗಿ ಮಕ್ಕಳ ಕೈ ಸೇರುತ್ತಿದ್ದವು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಅದೇ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆಯೂ ಕೆಲಸ ನಿಲ್ಲಿಸಿತು. ಮದ್ದೂರು ತಾಲ್ಲೂಕಿನ ಕೊಪ್ಪದಂಥ ಹೋಬಳಿ ಕೇಂದ್ರದಲ್ಲಿ ಸೈಕಲ್ ರಿಪೇರಿ ಈ ಅವಧಿಯಲ್ಲಿ ಎಲ್ಲಿಂದ ಎಲ್ಲಿಗೆ ಬಂತು ಎಂದು ಒಮ್ಮೆ ಹಿಂತಿರುಗಿ ನೋಡಬೇಕಾಗಿದೆ.

ಕಪ್ಪು ಬಣ್ಣದ ಹಳೇ ಸೈಕಲ್ಲಿನ ಕಾಲದಲ್ಲಿ ಅಂಗಡಿಯವರಿಗೆ ಅಳತೆಯ ಚಿಂತೆ ಇರಲಿಲ್ಲ. ಹೀರೋ ಇರಲಿ, ಅಟ್ಲಾಸ್ ಇರಲಿ, ಕಾಟರ್ ಪಿನ್ನು, ಕೋನು, ವಾಲ್ ಟ್ಯೂಬು ಹೆಚ್ಚುಕಡಿಮೆ ಒಂದಕ್ಕೊಂದು ಹೊಂದುತ್ತಿದ್ದವು. ಹಬ್ಬದ ಮುಂಚೆ ಓವರಾಯಿಲ್ ಮಾಡಿಸಿದರೆ ವರ್ಷವಿಡೀ ಓಡುತ್ತಿತ್ತು. ಈಗ ಹೈಸ್ಕೂಲು ಹುಡುಗರು ಕೇಳುವುದು ದಪ್ಪ ಟೈರಿನ, ಡಿಸ್ಕ್ ಬ್ರೇಕಿನ, ಮುಂದೆ ಮೂರು ಹಿಂದೆ ಏಳು ಸೇರಿ 21 ಗೇರಿನ ಸೈಕಲ್ಲು. ಗುಡ್ಡ ಹತ್ತಿಳಿಯಲೆಂದು ರೂಪುಗೊಂಡ ಈ ಸೈಕಲ್ಲು ಇಲ್ಲಿ ಕಬ್ಬಿನ ಗದ್ದೆಯ ಬದಿಯಲ್ಲೂ ನಾಲೆ ಏರಿಯ ಮೇಲೂ ಓಡುತ್ತದೆ. ಓಡಲಿ, ಸಂತೋಷ. ಆದರೆ ಕೆಟ್ಟಾಗ ಮೂಲೆ ಸೇರುವ ಸೈಕಲ್ಲುಗಳ ಪೈಕಿ ಅನೇಕವು ಸಣ್ಣ ರಿಪೇರಿಗೆ ಸರಿಹೋಗುವಂಥವು. ಇದು ನಮಗೆ ನಿಜಕ್ಕೂ ನೋವಿನ ವಿಷಯ. ಅಂಗಡಿಯವರ ಕೈಚಳಕ ಮೊದಲಿನಷ್ಟೇ ಇದೆ. ಆದರೆ ಅಳತೆಗಳು ಹತ್ತಾರಾದವು, ಅವುಗಳ ತಿಳಿವಳಿಕೆಯನ್ನು ಕಂಪನಿಗಳು ಹಳ್ಳಿಗೆ ತಲುಪಿಸಲಿಲ್ಲ.

ಟೈರನ್ನೇ ನೋಡಿ. ಹುಡುಗ ಪೇಟೆಯಿಂದ 26ರ ಟೈರು ತಂದಿರುತ್ತಾನೆ. ಅಂಗಡಿಯವರು ಎಷ್ಟು ಕೂರಿಸಿದರೂ ಅದು ರಿಮ್ಮಿನ ಮೇಲೇ ಕುಣಿಯುತ್ತದೆ.

“ಕೂರಾಕಿಲ್ಲ ಕಣ್ ಮಗ.”

“ಇಪ್ಪತ್ತಾರೇ ತಂದಿವ್ನಿ ಕಣಣ್ಣ, ನೋಡು ಬರ್ದದೆ.”

ಇಬ್ಬರ ಮಾತೂ ನಿಜ. 26 × 1.95 ಎಂದು ದಶಮಾಂಶದಲ್ಲಿ ಬರೆದ ಟೈರು 559 ಮಿಲಿಮೀಟರ್ ರಿಮ್ಮಿನದು; ಅಮೆರಿಕದಲ್ಲಿ 1930ರ ದಶಕದಲ್ಲಿ ಬಂದ ಬಲೂನ್ ಟೈರಿನ ಸಂತಾನ. 26 × 1 3/8 ಎಂದು ಭಿನ್ನರಾಶಿಯಲ್ಲಿ ಬರೆದದ್ದು 590ರದು, ಸಾದಾ ಸೈಕಲ್ಲಿನದು. ನಡುವೆ ಮೂರು ಸೆಂಟಿಮೀಟರ್ ವ್ಯತ್ಯಾಸ. ಇನ್ನು 27.5 ಎಂದು ಈಚೆಗೆ ಬಂದಿರುವುದು 584. ಅದು ಹಳೇ 26 × 1 1/2ರ ರಿಮ್ಮಿನ ಅಳತೆಯೇ! ಇಂಚಿನ ಹೆಸರನ್ನು ನಂಬಿ ಹೋದರೆ ದಾರಿ ತಪ್ಪುವುದು ಖಚಿತ. ಟೈರಿನ ಪಕ್ಕೆಯಲ್ಲಿ ಸಣ್ಣಗೆ 50-559, 37-590 ಎಂಬಂತೆ ಅಚ್ಚಾಗಿರುವ ಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಹಳೇ ಟೈರಿನ ಅಂಕಿಗಳ ಜೊತೆ ತಾಳೆ ನೋಡಿದರೆ ಸಾಕು, ಮದ್ದೂರಿಗೆ ಎರಡನೇ ಸಲ ಬಸ್ಸು ಹತ್ತಬೇಕಾಗಿಲ್ಲ.

ಚೈನಿನದು ಇದಕ್ಕಿಂತ ಸುಲಭ, ಆದರೆ ಹಣ ಹೆಚ್ಚು ಪೋಲಾಗುವುದು ಅಲ್ಲೇ. ಸಾದಾ ಸೈಕಲ್ಲಿನ ಚೈನು ಒಳಗೆ 1/8 ಇಂಚು ಅಗಲ, ಗೇರಿನದು 3/32. ಅಗಲದ ಚೈನನ್ನು ಗೇರಿಗೆ ಹಾಕಿದರೆ ಅದು ಪಕ್ಕದ ಹಲ್ಲುಗಳಿಗೆ ಉಜ್ಜುತ್ತದೆ. ಹಿಂದೆ 6, 7, 8 ಗೇರಿರುವ ಸೈಕಲ್ಲುಗಳಿಗೆ ಒಂದೇ ಚೈನು ನಡೆಯುತ್ತದೆ. 9 ಆದರೆ ಇನ್ನೂ ಸಪೂರದ್ದು ಬೇಕು. ಸವೆತ ನೋಡಲು ಮರಗೆಲಸದವರ ಟೇಪು ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು. ಅದು 1/16 ಇಂಚು ಜಗ್ಗಿದರೆ ಚೈನು ಬದಲಿಸುವ ಹೊತ್ತು ಬಂತು. 1/8 ಜಗ್ಗುವವರೆಗೂ ಬಿಟ್ಟರೆ ಫ್ರೀವೀಲಿನ ಹಲ್ಲೂ ಸವೆದಿರುತ್ತದೆ. ಆಗ ಹೊಸ ಚೈನು ತುಳಿದಾಗಲೆಲ್ಲ ಜಾರುತ್ತದೆ, ದೋಷ ಮಾತ್ರ ಚೈನು ಹಾಕಿದವರ ತಲೆಗೆ. ನಮ್ಮ ಕಡೆಯ ಗದ್ದೆ ಕೆಸರು ಮೆತ್ತಿದ ಚೈನಿಗೆ ಒರೆಸದೆ ಎಣ್ಣೆ ಬಿಡುವ ರೂಢಿಯೇ ಈ ಸವೆತವನ್ನು ಬೇಗ ತರುತ್ತದೆ. ಬಿಟ್ಟ ಎಣ್ಣೆ ಸಿಡಿದು ಹಿಂದಿನ ಡಿಸ್ಕಿಗೆ ತಗುಲಿದರೆ ಬ್ರೇಕೂ ಹೋಯಿತು.

ಗೇರು ಬೀಳುತ್ತಿಲ್ಲ ಎಂಬ ದೂರು ಬಂದಾಗ ಸ್ಕ್ರೂ ತಿರುಗಿಸುವ ಮುನ್ನ ಸೈಕಲ್ಲಿನ ಹಿಂದೆ ಕೂತು ನೋಡಬೇಕು. ಬಲಮಗ್ಗುಲಿಗೆ ಒಮ್ಮೆ ಬಿದ್ದರೆ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರು ತೂಗುಬಿದ್ದಿರುವ ಹ್ಯಾಂಗರ್ ಒಳಕ್ಕೆ ಬಾಗುತ್ತದೆ. ಶಿಮಾನೊ ಕಂಪನಿ 1984ರಲ್ಲಿ ತಂದ ‘ಟಕ್’ ಎಂದು ಕೂರುವ ಗೇರಿನ ಪದ್ಧತಿಯಲ್ಲಿ ಲಿವರಿನ ಒಂದೊಂದು ಹೆಜ್ಜೆಗೆ ಕೇಬಲ್ ಇಂತಿಷ್ಟೇ ಎಂದು ಎಳೆಯುತ್ತದೆ. ಹ್ಯಾಂಗರ್ ಎರಡು ಮೂರು ಮಿಲಿಮೀಟರ್ ಬಾಗಿದರೂ ಆ ಲೆಕ್ಕ ಕೆಟ್ಟಿತು. ಬಾಗಿದ್ದನ್ನು ನೇರ ಮಾಡುವ ಬದಲು ಡಿರೇಲರನ್ನೇ ಹೊಸದು ಹಾಕಿಸಿ, ಆಮೇಲೂ ಸರಿಹೋಗದೆ ಸೈಕಲ್ಲನ್ನು ಗುಜರಿಗೆ ಕೊಡುವುದು ನಿಲ್ಲಬೇಕು.

ಸರ್ಕಾರ ಶಾಲಾ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಮತ್ತೆ ಶುರುವಾಗಲಿ ಎಂಬ ಒತ್ತಾಯಕ್ಕೆ ನಮ್ಮ ದನಿಯೂ ಇದೆ. ನಡೆದು ಬರುವ ಹೆಣ್ಣುಮಕ್ಕಳಿಗೆ ಸೈಕಲ್ಲಿನಷ್ಟು ನೆರವಾದ ವಸ್ತು ಇನ್ನೊಂದಿಲ್ಲ. ಆದರೆ ಈ ಸಲ ಟೆಂಡರಿನಲ್ಲೇ ರಿಮ್ಮಿನ ಮಿಲಿಮೀಟರ್, ಚೈನಿನ ಅಗಲ, ಬ್ರೇಕ್ ಪ್ಯಾಡಿನ ನಮೂನೆ ರಾಜ್ಯಕ್ಕೆಲ್ಲ ಒಂದೇ ಎಂದು ನಿಗದಿಯಾಗಬೇಕು. ಆ ಅಳತೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿದ ಹಾಳೆಯೊಂದು ಪ್ರತಿ ಸೈಕಲ್ಲಿನ ಜೊತೆ ಬರಬೇಕು, ಇನ್ನೊಂದು ಹೋಬಳಿಯ ಪ್ರತಿ ರಿಪೇರಿ ಅಂಗಡಿಗೆ ಹೋಗಬೇಕು. ಸರಬರಾಜು ಮಾಡುವ ಕಂಪನಿ ಟೈರು, ಟ್ಯೂಬು, ಚೈನುಗಳ ದಾಸ್ತಾನನ್ನು ತಾಲ್ಲೂಕು ಕೇಂದ್ರದಲ್ಲಾದರೂ ಕನಿಷ್ಠ ಮೂರು ವರ್ಷ ಇಡಬೇಕು. ಎಂಟನೇ ತರಗತಿಯ ಮಗು ಎಸ್ಸೆಸ್ಸೆಲ್ಸಿ ಮುಗಿಸುವವರೆಗೆ ಅಷ್ಟು ಕಾಲ ಬೇಕು.