ಮೀಟರ್ ಓಡುವಾಗ ಹೇಳಿದ ಭವಿಷ್ಯ

"ನೀವು ಹಳ್ಳಿ ಕಡೆಯವರಲ್ವಾ, ಯಾರಾದ್ರೂ ಒಳ್ಳೇ ಜ್ಯೋತಿಷಿ ಗೊತ್ತಿದ್ರೆ ಹೇಳಿ. ನಂಬಿಕಸ್ಥರು ಬೇಕು." ಆಫೀಸ್ ಕ್ಯಾಂಟೀನಲ್ಲಿ ನಮ್ಮ ಟೀಮಿನ ಹುಡುಗಿಯೊಬ್ಬಳು ಕೇಳಿದಳು. ಪಕ್ಕದಲ್ಲಿದ್ದವನು ಕಿಸಕ್ಕನೆ ನಕ್ಕ. "ದಿನಾ ಮಷೀನ್ ಲರ್ನಿಂಗ್ ಮಾಡ್ತೀಯ, ನಿಂಗ್ಯಾಕೆ ಜ್ಯೋತಿಷಿ?" ಅವಳ ಮುಖ ಸಪ್ಪಗಾಯಿತು. ನಾನು ನಗಲಿಲ್ಲ. ನಗುವ ಯೋಗ್ಯತೆ ನನಗಿರಲಿಲ್ಲ.

ಹೋದ ವರ್ಷ ನನ್ನ ಪ್ರಾಜೆಕ್ಟ್ ಮುಚ್ಚಿ, ಎರಡು ತಿಂಗಳು ಬೆಂಚಿನಲ್ಲಿ ಕೂರಿಸಿದ್ದರು. ಹೋಮ್ ಲೋನು, ಸ್ಕೂಲ್ ಫೀಸು. ಒಂದು ರಾತ್ರಿ ನಿದ್ದೆ ಬರದೆ ಬಾಲ್ಕನಿಯಲ್ಲಿ ನಿಂತು ಜ್ಯೋತಿಷ್ಯದ ಆ್ಯಪೊಂದನ್ನು ಇಳಿಸಿಕೊಂಡೆ. ನಿಮಿಷಕ್ಕೆ 30 ರೂಪಾಯಿ. 41 ನಿಮಿಷ ಮಾತಾಡಿದೆ. ಆ ಕಡೆಯ ಧ್ವನಿ ಬಹಳ ಮೃದುವಾಗಿತ್ತು. "ಸಾಡೇಸಾತಿ ನಡೀತಿದೆ. ನಿಮ್ಮ ಕೆಲಸಕ್ಕಿಂತ ತಂದೆಯವರ ಆರೋಗ್ಯ ನೋಡ್ಕೊಳ್ಳಿ" ಅಂದಿತು. ಫೋನ್ ಇಟ್ಟ ಐದೇ ನಿಮಿಷಕ್ಕೆ ನೀಲದ ಉಂಗುರದ ಲಿಂಕ್ ಬಂತು, 18,000 ರೂಪಾಯಿ. ತಗೊಂಡೆ. ಬಿಇ ಓದಿದವನು, ಹೆಂಡತಿಗೂ ಹೇಳದೆ ತಗೊಂಡೆ. ಅಪ್ಪ ಆಗಲೂ ಚೆನ್ನಾಗಿದ್ದರು, ಈಗಲೂ ತೋಟಕ್ಕೆ ನೀರು ಕಟ್ಟುತ್ತಿದ್ದಾರೆ. ಉಂಗುರ ಡ್ರಾಯರಿನಲ್ಲಿ ಬಿದ್ದಿದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಶನಿ ಹನ್ನೆರಡು ರಾಶಿ ಸುತ್ತೋಕೆ ಹತ್ತಿರ ಹತ್ತಿರ 30 ವರ್ಷ ಬೇಕು, ಒಂದು ರಾಶಿಗೆ ಎರಡೂವರೆ ವರ್ಷ. ನಮ್ಮ ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಈ ಮೂರರಲ್ಲಿ ಅವನು ಇರುವಷ್ಟು ಕಾಲ ಸಾಡೇಸಾತಿ. ಅಂದರೆ ಯಾವತ್ತು ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ, ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಅದು ಇದ್ದೇ ಇರುತ್ತೆ. ಕುಜದೋಷವೂ ಹಾಗೇ. ಲಗ್ನದಿಂದ 1, 2, 4, 7, 8, 12ನೇ ಮನೆಯಲ್ಲಿ ಕುಜ ಇದ್ದರೆ ದೋಷ ಅಂತಾರೆ. ಹನ್ನೆರಡರಲ್ಲಿ ಆರು ಮನೆ! ಎರಡನೇ ಮನೆ ಬಿಟ್ಟು ಎಣಿಸಿದರೂ ಐದು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಿಂತವರಲ್ಲಿ ಅರ್ಧ ಜನ ದೋಷದವರೇ ಆಗಬೇಕು. ಗಂಡು ಹೆಣ್ಣು ಇಬ್ಬರಿಗೂ ಇದ್ದರೆ ದೋಷವಿಲ್ಲ ಅಂತ ಜ್ಯೋತಿಷಿಗಳೇ ಹೇಳ್ತಾರೆ. ಆ ಮಾತನ್ನು ಮೊದಲು ಹೇಳುವವನು ಒಬ್ಬ, ಹೋಮದ ದುಡ್ಡು ಬಂದಮೇಲೆ ಹೇಳುವವನು ಇನ್ನೊಬ್ಬ.

ಇನ್ನೊಂದು ವಿಷಯ. ನಾನು ಹುಟ್ಟಿದ್ದು ಮನೆಯಲ್ಲೇ. ಹೊತ್ತು ಯಾವುದು ಅಂತ ಕೇಳಿದರೆ ಅಮ್ಮ "ಹಾಲು ಕರೆಯೋ ಹೊತ್ತು" ಅಂತಾಳೆ. ಲಗ್ನ ಎರಡು ಗಂಟೆಗೊಮ್ಮೆ ಬದಲಾಗುತ್ತೆ. ಆ್ಯಪಿನಲ್ಲಿ 6:30 ಅಂತ ಸುಮ್ಮನೆ ಒತ್ತಿದ್ದೆ. "ಟೈಮ್ ಸರಿಯಾಗಿ ಗೊತ್ತಾ?" ಅಂತ ಆ ಮನುಷ್ಯ ಒಂದು ಸಲವೂ ಕೇಳಲಿಲ್ಲ. ತನ್ನ ಶಾಸ್ತ್ರಕ್ಕೇ ನಿಯತ್ತಿಲ್ಲದವನು ನನಗೇನು ನಿಯತ್ತಾಗಿರ್ತಾನೆ?

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸೋಕೆ ಒಂದು ಸಮಿತಿ ಮಾಡಿದ್ದರು. ನಿಜವಾ ಸುಳ್ಳಾ ಅನ್ನೋದು ಅವರ ಪ್ರಶ್ನೆ. ಅದು ದೊಡ್ಡ ಪ್ರಶ್ನೆ, ನನ್ನ ಉತ್ತರವೂ ಅವರ ಕಡೆಗೇ. ಆದರೆ ರಾತ್ರಿ ಒಂದೂವರೆಗೆ ಫೋನ್ ಹಿಡಿದು ನಿಂತವನಿಗೆ ಆ ಪ್ರಶ್ನೆ ತಲೆಗೇ ಬರಲ್ಲ. ಅವನು ಕೇಳಬೇಕಾದ್ದು ಇಷ್ಟೇ: ನನ್ನ ಭಯ ಹೋದರೆ ಈ ಮನುಷ್ಯನಿಗೆ ಲಾಭವಾ, ನಷ್ಟವಾ?

ನಿಮಿಷದ ಲೆಕ್ಕದಲ್ಲಿ ದುಡಿಯುವವನಿಗೆ ನಿಮ್ಮ ಸಮಾಧಾನವೇ ನಷ್ಟ. ಇದನ್ನು ಊಹೆ ಮಾಡಿ ಹೇಳ್ತಿಲ್ಲ. ಹಿಂದಿನ ಕಂಪನಿಯಲ್ಲಿ, ಬೇರೆ ವ್ಯಾಪಾರಕ್ಕೆ, ಇಂಥ ಡ್ಯಾಶ್‌ಬೋರ್ಡನ್ನು ನಾನೇ ಬರೆದಿದ್ದೇನೆ. ಗಿರಾಕಿ ಎಷ್ಟು ಹೊತ್ತು ಉಳಿದ, ಎಷ್ಟು ದಿನಕ್ಕೆ ವಾಪಸ್ ಬಂದ. ಅಲ್ಲಿ "ನೆಮ್ಮದಿಯಾಗಿ ಮನೆಗೆ ಹೋದ" ಅನ್ನೋ ಕಾಲಂ ಇರಲಿಲ್ಲ.

ನಮ್ಮೂರಲ್ಲಿ ಶಾಸ್ತ್ರ ಹೇಳೋ ಅಯ್ಯನೋರೊಬ್ಬರಿದ್ದರು. ಎಲೆ ಅಡಿಕೆ ಮೇಲೆ ಐದೋ ಹತ್ತೋ ರೂಪಾಯಿ ದಕ್ಷಿಣೆ. ನನಗೆ ಏಳು ವರ್ಷ ಇದ್ದಾಗ ಜ್ವರ ಬಿಡದೆ, ಅಮ್ಮ ಸೊಂಟದ ಮೇಲೆ ಹೊತ್ಕೊಂಡು ಅವರ ಜಗಲಿಗೆ ಹೋಗಿದ್ದಳು. ಪಂಚಾಂಗ ಬಿಚ್ಚಲಿಲ್ಲ. ಹಣೆ ಮುಟ್ಟಿ ನೋಡಿ, "ಗ್ರಹಚಾರ ಆಮೇಲೆ ನೋಡಾನ ಕಣವ್ವ, ಮೊದ್ಲು ತಿಪಟೂರು ಆಸ್ಪತ್ರೆಗೆ ಕರ್ಕಂಡೋಗು. ಬಸ್‌ಚಾರ್ಜಿಗೆ ಐತಾ?" ಅಂದರು. ಟೈಫಾಯ್ಡು. ಅವರಿಗೆ ಗ್ರಹಗತಿ ಎಷ್ಟು ಗೊತ್ತಿತ್ತೋ ನಾನು ಕಾಣೆ. ತನ್ನ ಕೈಯಲ್ಲಿ ಆಗದ್ದು ಯಾವುದು ಅನ್ನೋದಂತೂ ಗೊತ್ತಿತ್ತು. ಹಾಗಂತ ಹಳ್ಳಿಯವರೆಲ್ಲ ಸಾಚಾ ಅಂತ ತಿಳೀಬೇಡಿ. ಅದೇ ಊರಲ್ಲಿ ಮಾಟ ತೆಗೀತೀನಿ ಅಂತ ಬಡವರ ಎಮ್ಮೆ ಮಾರಿಸಿದವನೂ ಇದ್ದ.

ಸರ್ಕಾರ ಕಾಪಾಡುತ್ತೆ ಅಂದ್ಕೋಬೇಡಿ. ಕರ್ನಾಟಕದಲ್ಲಿ ಅಮಾನವೀಯ ಪದ್ಧತಿ, ವಾಮಾಚಾರದ ವಿರುದ್ಧ 2017ರ ಕಾಯ್ದೆಯೇನೋ ಇದೆ. ಜ್ಯೋತಿಷ್ಯ, ವಾಸ್ತು ಎರಡನ್ನೂ ಅದರಿಂದ ಹೊರಗಿಟ್ಟಿದ್ದಾರೆ. ನಮ್ಮ ಜೇಬು ನಾವೇ ನೋಡ್ಕೋಬೇಕು. ಇನ್ನು ನಗುವ ವಿಚಾರವಾದಿ ಗೆಳೆಯರೇ, ಒಂದು ಮಾತು. ನೀವು ಕ್ಯಾಂಟೀನಲ್ಲಿ ನಕ್ಕ ದಿನವೇ ಅವಳು ರಾತ್ರಿ ಆ ಆ್ಯಪ್ ಇಳಿಸ್ಕೊಳ್ಳೋದು. ಅದು ನಗಲ್ಲ, ಅದಕ್ಕೇ ನಿಮಿಷಕ್ಕೆ 30 ರೂಪಾಯಿ.

ಅವಳಿಗೆ ಹೇಳಿದ್ದು ಇದು. ಅಯ್ಯನೋರು ತೀರಿಹೋಗಿ ಹನ್ನೆರಡು ವರ್ಷ ಆಯ್ತು, ನಂಗೆ ಬೇರೆ ಯಾರೂ ಗೊತ್ತಿಲ್ಲ. ಹೋಗಲೇಬೇಕು ಅನ್ನಿಸಿದರೆ ಹೋಗು. ಮನೆಯವರ ಸಾವಿನ ಹೆಸರಲ್ಲಿ ಹೆದರಿಸಿದರೆ ಎದ್ದು ಬಾ. ದೋಷ ಹೇಳಿದವನೇ ಪರಿಹಾರ ಮಾರಿದರೆ ಎದ್ದು ಬಾ. ಮಾತ್ರೆ ಬಿಡು, ಡಾಕ್ಟರ ಬಿಡು ಅಂದರೆ ಓಡಿ ಬಾ. ಇವೆಲ್ಲ ದಾಟಿದರೆ ಕೊನೆಗೆ ಒಂದು ಪ್ರಶ್ನೆ ಕೇಳು: "ನಾನು ಮತ್ತೆ ಬರಬೇಕಾ?"

"ಬೇಡಮ್ಮ" ಅನ್ನೋಕೆ ಎಷ್ಟು ನಿಮಿಷ ತಗೋತಾನೆ, ನೋಡು.