ಕೆರೆಗೆ ಸುತ್ತಲೂ ಏರಿ ಯಾಕೆ?



ಕೋಲಾರದ ಕಡೆ ಕೆರೆ ಅಭಿವೃದ್ಧಿಯ ಕಾಮಗಾರಿ ಮಾಡಿಸುವವರಿಗೆ ಕೆರೆಗೆ ನೀರು ಯಾವ ಕಡೆಯಿಂದ ಬರುತ್ತದೆ ಎಂಬುದೇ ಗೊತ್ತಿಲ್ಲವೇನೋ ಎನಿಸುತ್ತದೆ. ನಮ್ಮ ಪಕ್ಕದೂರಿನ ಕೆರೆಗೆ ಸುತ್ತಲೂ ಏರಿ ಹಾಕಿ, ಕಲ್ಲು ಕಟ್ಟಿ, ಮೇಲೆ ವಾಕಿಂಗ್ ದಾರಿ ಮಾಡಿದ್ದಾರೆ. ಹಿಂದಿನವರು ತಗ್ಗಿನ ಕಡೆ ಮಾತ್ರ ಏರಿ ಕಟ್ಟಿ, ಮೇಲ್ಭಾಗವನ್ನು ನೀರು ಹರಿದು ಬರಲೆಂದು ಬಯಲು ಬಿಟ್ಟಿದ್ದರು. ಈಗ ಮಳೆ ಹುಯ್ದರೆ ನೀರು ಹೊಸ ಏರಿಯ ಆಚೆ, ರಾಗಿ ಹೊಲದಲ್ಲಿ ನಿಲ್ಲುತ್ತದೆ. ಒಳಗೆ ಬರಲು ಇಟ್ಟಿರುವುದು ಎರಡು ಸಿಮೆಂಟ್ ಪೈಪು. ಒಂದರ ಬಾಯಿಗೆ ಆಗಲೇ ಪ್ಲಾಸ್ಟಿಕ್ಕು, ಮುಳ್ಳುಕಂಟಿ ಸಿಕ್ಕಿಕೊಂಡಿದೆ. ರಾಗಿ ಕೊಳೆಯಿತು, ಕೆರೆ ತುಂಬಲಿಲ್ಲ. ಉದ್ಘಾಟನೆಯ ಫಲಕ ಮಾತ್ರ ಥಳಥಳ ಹೊಳೆಯುತ್ತಿದೆ.

2022ರಲ್ಲಿ ಶುರುವಾದ ಅಮೃತ ಸರೋವರ ಯೋಜನೆ ಜಿಲ್ಲೆಗೆ 75 ಕೆರೆಕಟ್ಟೆಗಳ ಗುರಿ ಇಟ್ಟಿತು. ಒಂದೊಂದೂ ಕನಿಷ್ಠ ಒಂದು ಎಕರೆ ಇರಬೇಕು, 10,000 ಘನ ಮೀಟರ್ ನೀರು ಹಿಡಿಯಬೇಕು. ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕವೇನೋ ಸರಿ. ಎಷ್ಟು ಬಂದು ಸೇರುತ್ತದೆ ಎಂದು ಅಳೆಯುವವರು ಯಾರು? ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ ನಮ್ಮದು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ನಡುವಿನ ರಾಜಕಾಲುವೆಯನ್ನು ಯಾರೋ ಉತ್ತು ಟೊಮೆಟೊ ಹಾಕಿದರೆ ಕೆಳಗಿನ ಕೆರೆಯಲ್ಲಿ ಎಷ್ಟು ಹೂಳೆತ್ತಿದರೂ ಅಷ್ಟೇ.

ನೀರು ಹೀರುವ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ಸರ್ಕಾರ 2017ರಲ್ಲೇ ಆದೇಶ ಮಾಡಿತು. ಆದರೆ ಹಳೆಯ ಬೊಡ್ಡೆಗಳು ಕಡಿದಷ್ಟೂ ಚಿಗುರುತ್ತಿವೆ. ಜಲಾನಯನದಲ್ಲಿರುವ ಅವನ್ನು ಬುಡಸಮೇತ ಕೀಳಿಸಿ ಹೊಂಗೆ, ನೇರಳೆ ಹಾಕಿಸುವ ಕೆಲಸಕ್ಕೆ ಹಣವಿಲ್ಲವೇ? ಕಾಲುವೆ ಕೆರೆ ಸೇರುವ ಬಾಯಲ್ಲಿ ಲಾವಂಚ, ಲಕ್ಕಿ ಗಿಡ ಬೆಳೆಸಿದರೆ ಮಣ್ಣು ಅಲ್ಲೇ ತಂಗಿ ನೀರು ಮುಂದೆ ಹೋಗುತ್ತದೆ. ಇದಕ್ಕೆ ಜೆಸಿಬಿ ಬೇಡ, ಉದ್ಯೋಗ ಖಾತರಿಯ ಕೂಲಿ ಸಾಕು. ಬಹುಶಃ ಅದೇ ಇದರ ದೋಷ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರುತ್ತಿದೆಯಲ್ಲ ಎನ್ನುವವರಿದ್ದಾರೆ. ಬರಲಿ, ಅದು ಬಂದ ಮೇಲೆ ನಮ್ಮ ಕೊಳವೆಬಾವಿಗಳಲ್ಲಿ ನೀರು ಕಂಡದ್ದೂ ಹೌದು. ಹಾಗೆಂದು ಮಳೆನೀರಿನ ದಾರಿ ಮುಚ್ಚಬೇಕೆ?

ಮುಂಗಾರಿಗೆ ಮುಂಚೆ ಇಂಥ ಕೆರೆಗಳ ಮೇಲ್ಭಾಗದ ಏರಿ ಒಡೆಸಿ, ರಾಜಕಾಲುವೆಗಳ ಸರ್ವೆ ಮಾಡಿಸಿ ಗ್ರಾಮಸಭೆಯ ಮುಂದೆ ನಕ್ಷೆ ಇಡಲಿ. ಅಲ್ಲಿಯವರೆಗೆ ಯಾವ ಗುತ್ತಿಗೆದಾರನ ಬಿಲ್ಲೂ ಪಾಸಾಗಬಾರದು.

— ಒಬ್ಬ ರೈತ, ಮುಳಬಾಗಿಲು ತಾಲ್ಲೂಕು