ಹಸಿರು ನೀರು ಕುದಿಸಿದರೆ ಆಯ್ತಾ?

ಸಿಂಧನೂರು, ಮಸ್ಕಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಕುಡಿಯುವ ನೀರಿನ ಕೆರೆ ತುಂಬಿಸಿಕೊಳ್ಳುತ್ತಾರೆ. ಕಾಲುವೆ ಬಂದ್ ಆದ ಮೇಲೆ ಅದೇ ನೀರು. ನಿಂತ ನೀರು, ನಮ್ಮ ಬಿಸಿಲು... ಹಸಿರಾಗದೆ ಇನ್ನೇನಾದೀತು? ಜಲಾಶಯದ ನೀರೇ ಹಸಿರಾದ ಸುದ್ದಿ ಒಂದಕ್ಕಿಂತ ಹೆಚ್ಚು ವರ್ಷ ಬಂದಿದೆ. ಕೇಳಿದರೆ ಉತ್ತರ ಸಿದ್ಧ: "ಪಾಚಿ ರೀ ಅದು, ಕುದಿಸಿ ಕುಡೀರಿ, ಏನೂ ಆಗಂಗಿಲ್ಲ."

ಈ ಮಾತಿಗೇ ನನ್ನ ತಕರಾರು.

ಎಲ್ಲ ಪಾಚಿಯೂ ವಿಷವಲ್ಲ, ಒಪ್ಪಿದೆ. ಆದರೆ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ ಕೆಲವು ತಳಿಗಳು ಮೈಕ್ರೋಸಿಸ್ಟಿನ್ ಎಂಬ ವಿಷ ತಯಾರಿಸುತ್ತವೆ. ಕಣ್ಣಿಂದ ನೋಡಿ ಯಾವುದು ಯಾವುದು ಅಂತ ಹೇಳಲಾಗದು. ಕುದಿಸಿದರೆ ಈ ವಿಷ ಹಾಳಾಗುವುದಿಲ್ಲ; ಪಾಚಿಯ ಕೋಶ ಒಡೆದು ಒಳಗಿದ್ದದ್ದೂ ನೀರಿಗೆ ಸೇರುತ್ತದೆ. ಹೊಟ್ಟೆಗೆ ಹೋದರೆ ಅದರ ಗುರಿ ಲಿವರ್. ಪಿತ್ತದ ಆಮ್ಲಗಳನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲಿನಿಂದಲೇ ಲಿವರ್ ಕೋಶದೊಳಗೆ ನುಸುಳಿ, ಪ್ರೋಟೀನುಗಳಿಂದ ಫಾಸ್ಫೇಟ್ ತೆಗೆಯುವ ಕಿಣ್ವಗಳ ಕೈ ಕಟ್ಟುತ್ತದೆ. ಕೋಶಕ್ಕೆ ಆಕಾರ ಕೊಡುವ ಎಳೆಗಳು ಕುಸಿಯುತ್ತವೆ, ಗುಡಿಸಲಿನ ಗಳ ಕಿತ್ತ ಹಾಗೆ. ಪ್ರಮಾಣ ಜಾಸ್ತಿಯಾದರೆ ಲಿವರಿನೊಳಗೇ ರಕ್ತಸ್ರಾವ.

ಮೀನಿನ ಲಿವರಿಗೂ ಇದೇ ಗತಿ, ಕಿವಿರಿಗೂ ಪೆಟ್ಟು. ಕೆರೆಯಲ್ಲಿ ಮೀನು ಸತ್ತು ತೇಲಿದಾಗ "ಆಕ್ಸಿಜನ್ ಕಡಿಮೆಯಾಗಿತ್ತು" ಅಂತಾರಲ್ಲ, ಅದೂ ಎಷ್ಟೋ ಸಲ ನಿಜವೇ, ರಾತ್ರಿ ಪಾಚಿಯೇ ಅದನ್ನು ಹೀರುತ್ತದೆ. ಆದರೆ ಬದುಕಿದ ಮೀನಿನ ಲಿವರು, ಕರುಳಿನಲ್ಲಿ ವಿಷ ಉಳಿದಿರಬಹುದು. ಮಾಂಸಕ್ಕಿಂತ ಅಲ್ಲೇ ಜಾಸ್ತಿ. ಅಂಥ ಕೆರೆಯ ಮೀನು ತಿನ್ನುವವರು ಒಳಗಿನದನ್ನೆಲ್ಲ ಎಸೆಯಿರಿ.

2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೆಡೊ ನಗರದ ನಲ್ಲಿ ನೀರಿನಲ್ಲಿ ಈ ವಿಷ ಕಂಡಾಗ ಜನರಿಗೆ ಹೇಳಿದ್ದೇ "ಕುದಿಸಬೇಡಿ" ಅಂತ! 1996ರಲ್ಲಿ ಬ್ರೆಜಿಲ್‌ನ ಕಾರುವಾರುವಿನಲ್ಲಿ (ನಮ್ಮ ಕಾರವಾರ ಅಲ್ಲ ಮಾರಾಯ್ರೇ) ಡಯಾಲಿಸಿಸ್ ನೀರಿನ ಮೂಲಕ ನೇರ ರಕ್ತಕ್ಕೇ ಸೇರಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು.

ಬೋರಿನ ನೀರಾದರೂ ಕುಡಿಯೋಣವೆಂದರೆ ಲಿಂಗಸುಗೂರಿನ ಕಡೆ ಫ್ಲೋರೈಡ್ ಕಾಟ. ಹಾಗಾಗಿ ಕೆರೆ ನೀರನ್ನೇ ಸರಿಯಾಗಿ ನೋಡಿಕೊಳ್ಳಬೇಕು. ಹಸಿರಾದ ಕೆರೆಗೆ ಬ್ಲೀಚಿಂಗ್ ಪೌಡರೋ ಮೈಲುತುತ್ತವೋ ಸುರಿದರೆ ಪಾಚಿ ಸಾಯುತ್ತದೆ, ವಿಷ ಒಮ್ಮೆಲೇ ಹೊರಬೀಳುತ್ತದೆ. ಮೇಲಿನ ಕೆನೆ ಬಿಟ್ಟು ಕೆಳಗಿನ ನೀರು ಎಳೆಯಬೇಕು, ಪಾಚಿಯನ್ನು ಇಡಿಯಾಗಿ ಸೋಸಿ ಆಮೇಲೆ ಕ್ಲೋರಿನ್ ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಲೀಟರಿಗೆ 1 ಮೈಕ್ರೋಗ್ರಾಂ ಎಂಬ ಮಿತಿ ಹೇಳಿದೆ. ನಮ್ಮ ಪಂಚಾಯಿತಿಗಳ ಕಿಟ್ ಪೆಟ್ಟಿಗೆಯಲ್ಲಿ ಫ್ಲೋರೈಡ್, ನೈಟ್ರೇಟ್ ನೋಡಬಹುದು, ಇದನ್ನಲ್ಲ. ನೀರು ಹಸಿರಾದ ವಾರವೇ ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗಲಿ ಅಂತ ಗ್ರಾಮಸಭೆಯಲ್ಲಿ ಕೇಳುವುದರಲ್ಲಿ ತಪ್ಪೇನಿದೆ?

ಭತ್ತದ ಗದ್ದೆಗೆ ನಾವು ಸುರಿಯುವ ಯೂರಿಯಾ, ಡಿಎಪಿಯೇ ಈ ಪಾಚಿಗೂ ಊಟ. ಆ ಜಗಳ ಇನ್ನೊಂದು ದಿನ ಬರೀತೀನಿ :)